ರಾಗಿ ಸಾಲಿನ ಚೆಂಡು ಹೂ

ನನ್ನ ಅತ್ತೆಯ ಬಾಯಿ ಖಾರ, ನನ್ನದೂ ಕಡಿಮೆಯಿಲ್ಲ. ಮದುವೆಯಾಗಿ ಮದ್ದೂರು ಕಡೆಯ ಕೊಪ್ಪದ ಹತ್ತಿರದ ಈ ಹಳ್ಳಿಗೆ ಬಂದ ಮೇಲೆ ನಾವಿಬ್ಬರೂ ಜಗಳವಾಡದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಅವರ ಚೆಂಡು ಹೂವಿನ ತಂಟೆಗೆ ಮಾತ್ರ ನಾನು ಹೋಗುತ್ತಿರಲಿಲ್ಲ. ಮಾವ ಅವರ ಹೆಸರಿಗೇ ಬರೆದುಕೊಟ್ಟಿದ್ದ ಹತ್ತು ಗುಂಟೆ ಅದು. ಸುತ್ತ ಎಲ್ಲರದೂ ಕಬ್ಬು, ಇವರದು ಹೂವು.

ಕೊರೊನಾ ಬಂದ ವರ್ಷ ದೇವಸ್ಥಾನಗಳ ಬಾಗಿಲು ಮುಚ್ಚಿತು, ಮದುವೆಗಳು ನಿಂತವು, ಮದ್ದೂರಿಗೆ ಹೂವು ಒಯ್ದರೆ ಕೇಳುವವರಿಲ್ಲ. ಗಿಡದಲ್ಲೇ ಒಣಗುವುದನ್ನು ನೋಡಲಾರದೆ ನನ್ನ ಗಂಡ ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಹೊಡೆಸಿಬಿಟ್ಟರು. ಅತ್ತೆ ಅಂದು ಅಡುಗೆಮನೆ ಬಿಟ್ಟು ಆಚೆ ಬರಲಿಲ್ಲ. ಮಳೆ ಬಿದ್ದ ಮೇಲೆ ಅಲ್ಲಿ ರಾಗಿ ಹಾಕಿದೆವು.

ಹೂ ಬೆಳೆದು ನಷ್ಟವಾದವರಿಗೆ ಸರ್ಕಾರ ಪರಿಹಾರ ಕೊಡುತ್ತದೆಂದು ಗೊತ್ತಾಗಿ ಅರ್ಜಿ ಹಾಕಿದೆವು. ಅಷ್ಟರಲ್ಲಿ ಹೊಲದಲ್ಲಿ ರಾಗಿ ಎದ್ದಿತ್ತು, ಪಹಣಿ ಕಾಗದದಲ್ಲೂ ರಾಗಿಯೇ ಬಂದಿತ್ತು; ಅಧಿಕಾರಿ ಹೊಲ ನೋಡಿ ಹೂವಿತ್ತೆಂದು ಬರೆದರೆ ಮಾತ್ರ ದುಡ್ಡು. ಗಂಡ, ಇನ್ನು ಹೂವಿನ ಸಹವಾಸ ಸಾಕು, ಕಬ್ಬೇ ಹಾಕೋಣ ಎಂದರು.

"ಸರ್ಕಾರದ ದುಡ್ಡು ಬಂದ್ರೆ ಅದ್ರಲ್ಲೇ ಸಸಿ ತಂದು ಇನ್ನೊಂದ್ಸಲ ಹೂವೇ ಹಾಕ್ತೀನಿ ಕಣ್ಲಾ," ಎಂದರು ಅತ್ತೆ ಮಗನಿಗೆ. "ಬರ್ಲಿಲ್ವಾ, ನೀನು ಕಬ್ಬಾದ್ರೂ ಹಾಕ್ಕೋ, ಏನಾದ್ರೂ ಹಾಕ್ಕೋ. ನಾನು ಕೇಳಾಕಿಲ್ಲ." ಗಂಡ ಆಗಲಿ ಎಂದು ಒಪ್ಪಿಕೊಂಡರು.

ಒಂದು ದಿನ ನಾವಿಬ್ಬರೇ ರಾಗಿಯ ಕಳೆ ಕೀಳುತ್ತಿದ್ದೆವು. ಹಳೇ ಹೂವಿನ ಬೀಜ ಉದುರಿ ಸಾಲಿನ ನಡುವೆಲ್ಲ ಚೆಂಡು ಹೂವಿನ ಸಸಿಗಳು ಎದ್ದಿದ್ದವು. ನಾನು ಒಂದನ್ನೂ ಬಿಡದೆ ಕಿತ್ತು ಬದುವಿಗೆ ಎಸೆದೆ. ತಿರುಗಿ ನೋಡಿದರೆ ಅತ್ತೆಯ ಸಾಲುಗಳಲ್ಲಿ ಬೇರೆ ಕಳೆ ಹೋಗಿದೆ, ಇವು ಹಾಗೇ ನಿಂತಿವೆ.

"ಕಣ್ಣು ಕಾಣಾಕಿಲ್ವಾ ಅತ್ತೆ? ಇಷ್ಟು ದಪ್ಪ ಗಿಡಗಳ್ನ ಬುಟ್ಟು ಬಂದಿದ್ದೀರಲ್ಲ," ಎಂದು ರೇಗಿದೆ. ಒಂದಕ್ಕೆರಡು ಅನ್ನುವವರು ಅವತ್ತು ಮುಂದಿನ ಸಾಲಿಗೆ ಸರಿದರು. ಅದೇ ಒಂದು ಆಶ್ಚರ್ಯ. ನನ್ನ ಪೆದ್ದು ತಲೆಗೆ ಆಗಲೂ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ, ಹೇಳದೆ ಕೇಳದೆ, ಅರ್ಜಿ ಪರಿಶೀಲಿಸುವ ಅಧಿಕಾರಿ ಬೈಕಿನಲ್ಲಿ ಬಂದರು. ಚಿಕ್ಕ ವಯಸ್ಸಿನವರು, ಮರ್ಯಾದಸ್ತರು.

"ಅಜ್ಜಿ, ಇಲ್ಲಿ ರಾಗಿ ಇದೆಯಲ್ಲ. ನಾನು ಕಣ್ಣಲ್ಲಿ ಕಂಡಿದ್ದನ್ನ ತಾನೇ ಬರೀಬೇಕು?"

ನಾನು ಬದುವಿನ ಕಡೆ ನೋಡಿದೆ. ತೋರಿಸಬಹುದಾಗಿದ್ದ ಹೂವಿನ ಸಸಿಗಳನ್ನೆಲ್ಲ ನಾನೇ ಕಿತ್ತು ಬಿಸಿಲಿಗೆ ಹಾಕಿದ್ದೆ.

ಅತ್ತೆ ಅವರನ್ನು ತಮ್ಮ ಸಾಲಿಗೆ ಕರೆದುಕೊಂಡು ಹೋದರು. "ಇವ್ನ ಯಾರೂ ನೆಟ್ಟಿಲ್ಲ ಕಣಪ್ಪ. ಮಣ್ಣಿಗೆ ಹೋದವು ತಿರ್ಗ ಎದ್ದವೆ."

ಅಧಿಕಾರಿ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಉಜ್ಜಿ ಮೂಸಿದರು. ಸಾಲಿನುದ್ದಕ್ಕೂ ನಡೆದು ಮೊಬೈಲಿನಲ್ಲಿ ಫೋಟೋ ತೆಗೆದರು. ಆಮೇಲೆ ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಬರೆದುಕೊಂಡು ಹೋದರು.

ದುಡ್ಡು ಅತ್ತೆಯ ಪಾಸ್‌ಬುಕ್ಕಿಗೇ ಬಂತು. ಗಂಡ ಮಾತಿಗೆ ತಪ್ಪಲಿಲ್ಲ. ರಾಗಿ ಕೊಯ್ದ ಮೇಲೆ ತಾವೇ ಹೋಗಿ ಸಸಿ ತಂದರು. ನೆಡುವಾಗ ಅತ್ತೆಯನ್ನು ಕೇಳಿದೆ, "ಅವತ್ತು ಸಾಹೇಬ್ರು ಬತ್ತಾರೆ ಅಂತ ಗೊತ್ತಿತ್ತಾ?"

"ನಂಗೇನು ಕನಸು ಬಿದ್ದಿತ್ತಾ?" ಎಂದರು ತಲೆಯೆತ್ತದೆ. "ಒಂದ್ಸಲ ನಿನ್ ಗಂಡ ಸಾಯ್ಸಿದ್ದ. ತಿರ್ಗ ಎದ್ದು ಬಂದವ್ನ ನನ್ ಕೈಯಾರೆ ಹೆಂಗ್ ಕೀಳ್ಲಿ ಕಣಮ್ಮಿ?"

ಕಾಣಾಕಿಲ್ವಾ ಎಂದು ಆ ಕಣ್ಣುಗಳನ್ನೇ ಬೈದಿದ್ದೆನಲ್ಲ. ಅವರ ಪಕ್ಕದ ಸಾಲಿನಲ್ಲಿ ಕೂತು ಸಸಿ ನೆಡುತ್ತಾ ಹೋದೆ.