ಆರಾದ ಮೇಲೆ ಎಂಟು

ನಲವತ್ತೊಂದನೆಯ ವಯಸ್ಸಿಗೆ ಅವಳು ಎಂ.ಎ. ಸೇರಿದಳು. ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಚಾದರ ಮಡಚಿದವಳು ಅವಳು. ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಕೆಲಸ ಬಿಟ್ಟು, ‘ಸಮುದಾಯ ಸಂಶೋಧನೆ ಮತ್ತು ಅಭಿವೃದ್ಧಿ’ ಎಂಬ ಮಾರುದ್ದದ ಹೆಸರಿನ ಓದಿಗೆ ಹೊರಟಾಗ ಜೊತೆಯ ಹೆಂಗಸರು ಅವಳಿಗೆ ‘ಪ್ರೊಫೆಸರಮ್ಮ’ ಎಂದು ಬಿರುದು ಕೊಟ್ಟರು. ಗೇಲಿಯೇ, ಆದರೆ ಅರ್ಧ ಹೆಮ್ಮೆಯೂ ಬೆರೆತಿತ್ತು.

ಆ ಓದಿನಲ್ಲಿ ಒಂದು ಕಟ್ಟುನಿಟ್ಟು. ಯಾರ ಬದುಕನ್ನು ಕೇಳಿ ಬರೆದಿರೋ ಅವರ ಮುಂದೆಯೇ ಅದನ್ನು ಮೊದಲು ಗಟ್ಟಿಯಾಗಿ ಓದಬೇಕು. ಅವರು ಹೂಂ ಅಂದರೆ ಮಾತ್ರ ವಿಶ್ವವಿದ್ಯಾಲಯಕ್ಕೆ. ಪ್ರೊಫೆಸರಮ್ಮ ತನ್ನ ಹಳೆಯ ಕಾರ್ಖಾನೆಯ ಹದಿಮೂರು ಹೆಂಗಸರನ್ನು ಮಾತಾಡಿಸಿದ್ದಳು. ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಏಳನೆಯವಳು ಅವಳ ಸ್ವಂತ ಅತ್ತಿಗೆ, ಅಣ್ಣನ ಹೆಂಡತಿ.

ಅತ್ತಿಗೆಗೆ ಮಾತು ಕಡಿಮೆ. ಅವತ್ತು ಮಾತ್ರ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಎಲ್ಲವನ್ನೂ ಹೇಳಿದ್ದಳು. ಕೆಲಸ ಬೇಗ ಸಾಗಲಿ ಎಂದು ಇಸ್ತ್ರಿ ಯಂತ್ರಕ್ಕೆ ಕೈ ಸಿಗದಂತೆ ಹಾಕಿದ್ದ ತಡೆಪಟ್ಟಿಯನ್ನು ಮೇಲ್ವಿಚಾರಕ ತೆಗೆಸಿದ್ದು, ಅದರಿಂದ ತನ್ನ ಕೈ ಬೆಂದದ್ದು, ‘ಮನೆಯ ಒಲೆಯಲ್ಲಿ ಸುಟ್ಟುಕೊಂಡೆ’ ಎಂದು ಅವನೇ ಬರೆಸಿ ಸಹಿ ಹಾಕಿಸಿದ್ದು.

“ನಿಮ್ಮಣ್ಣನ್ನ ಬಿಟ್ರೆ ಇನ್ಯಾರಿಗೂ ಹೇಳಿಲ್ಲ. ಬರ್ಕೊ,” ಎಂದಿದ್ದಳು. “ನನ್ನ ನಂಬರ್ ಎಷ್ಟು?”

“ಏಳು, ಅತ್ತಿಗೆ.”

ಕಾರ್ಖಾನೆಯಲ್ಲೇ ಓದಲು ಮ್ಯಾನೇಜರ್ ಒಪ್ಪಿಗೆ ಕೊಟ್ಟಿದ್ದೇ ಒಂದು ಷರತ್ತಿನ ಮೇಲೆ: ಓದುವ ಮೂರು ದಿನ ಮೊದಲು ಅವರ ಕೈಗೊಂದು ಪ್ರತಿ ಸೇರಬೇಕು. ಸೋಮವಾರ ಅದನ್ನು ಕೊಟ್ಟು ಬಂದಳು. ಮಂಗಳವಾರ ಬಸ್ಸಿನಲ್ಲಿ ತನ್ನ ಪ್ರತಿಯ ಹದಿನೆಂಟನೆಯ ಪುಟ ತಿರುವಿದಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ‘ಎಡಗೈಯಲ್ಲಿ ಕೆಲಸ ಮಾಡುವ ಏಳನೆಯವರು...’ ಇಡೀ ಕಾರ್ಖಾನೆಯಲ್ಲಿ ಎಡಚಿ ಅಂತ ಇರುವುದು ಒಬ್ಬಳೇ. ಓದಿದವರ ಬುದ್ಧಿ ನೋಡಿ, ಹೆಸರು ಮುಚ್ಚಿಟ್ಟು ಕೈ ತೋರಿಸಿಕೊಟ್ಟಿದ್ದಳು!

ಅಣ್ಣ ಬೆನ್ನು ನೋವಿನಿಂದ ಎರಡು ವರ್ಷದಿಂದ ಮನೆಯಲ್ಲಿದ್ದಾನೆ. ಅತ್ತಿಗೆಯ ಕೆಲಸ ಹೋದರೆ ಆ ಮನೆಯ ಗತಿ? ಪ್ರೊಫೆಸರಮ್ಮ ಮುಂದಿನ ನಿಲ್ದಾಣದಲ್ಲೇ ಇಳಿದು, ಎದುರಿನ ಬಸ್ಸು ಹತ್ತಿ ಕಾರ್ಖಾನೆಯ ಆಫೀಸಿಗೆ ಓಡಿದಳು.

“ನಿನ್ನೆ ಕೊಟ್ಟಿದ್ರಲ್ಲಿ ಒಂದು ಪುಟ ತಪ್ಪಾಗಿದೆ, ಸರ್,” ಎಂದು ಗುಮಾಸ್ತನ ಮುಂದೆ ನಿಂತಳು.

“ತಗೊಳ್ಳಿ, ಸರಿ ಮಾಡಿಕೊಡಿ. ಸಾಹೇಬ್ರು ಇನ್ನೂ ಕವರೇ ಒಡೆದಿಲ್ಲ.”

‘ಎಡಗೈ’ ಎಂಬ ಒಂದು ಪದ ಹೊಡೆದುಹಾಕಿದರೆ ಸಾಕಿತ್ತೇ? ಬೆಂದ ಕೈ, ಸುಳ್ಳು ಸಹಿ, ಇವನ್ನು ಓದಿದರೆ ಮೇಲ್ವಿಚಾರಕನಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಇಡೀ ಪುಟವನ್ನೇ ಫೈಲಿನಿಂದ ಕಿತ್ತು, ನಾಲ್ಕಾಗಿ ಮಡಚಿ ಬ್ಯಾಗಿಗೆ ತುರುಕಿದಳು. ತನ್ನ ಪ್ರತಿಯಿಂದಲೂ ತೆಗೆದಳು. ಅತ್ತಿಗೆಯನ್ನು ಕೇಳಬೇಕಿತ್ತು. ಸಂಜೆ ಅವರ ಬಾಗಿಲವರೆಗೆ ಹೋಗಿದ್ದಳು ಕೂಡ. ಕೇಳಿದರೆ ‘ಇರಲಿ ಬಿಡು, ಓದು’ ಅಂದುಬಿಟ್ಟರೆ ಎಂಬ ಭಯಕ್ಕೆ ಹಾಗೇ ವಾಪಸಾದಳು.

ಗುರುವಾರ ಊಟದ ಬಿಡುವಿನಲ್ಲಿ, ಬಟ್ಟೆ ಮಡಚುವ ಹಾಲಿನಲ್ಲಿ ಎಲ್ಲರೂ ಸೇರಿದರು. ಮುಂದಿನ ಕುರ್ಚಿಯಲ್ಲಿ ಮ್ಯಾನೇಜರ್, ಬಾಗಿಲ ಬಳಿ ಕೈಕಟ್ಟಿ ನಿಂತ ಮೇಲ್ವಿಚಾರಕ. ಹಿಂದೆ, ಒಗೆದ ಚಾದರಗಳ ಗಂಟಿನ ಮೇಲೆ ಅತ್ತಿಗೆ.

ಪ್ರೊಫೆಸರಮ್ಮ ಓದುತ್ತ ಹೋದಳು. ಆರನೆಯವರ ಮಾತು ಮುಗಿಯುತ್ತ ಬಂದಾಗ ಅತ್ತಿಗೆ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತದ್ದು ಓರೆಗಣ್ಣಿಗೆ ಬಿತ್ತು. ಆಗಲೇ ಹೊಳೆಯಿತು, ಪುಟ ಕಿತ್ತವಳು ಸಂಖ್ಯೆಗಳನ್ನು ತಿದ್ದಿರಲಿಲ್ಲ. “ಎಂಟನೆಯವರು...” ಎಂದು ಮುಂದುವರಿಸಿದಳು. ಮತ್ತೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಹದಿಮೂರರವರೆಗೂ ಒಂದೇ ಉಸಿರಿನಲ್ಲಿ ಓದಿ ಮುಗಿಸಿದಳು.

“ಬಹಳ ಚೆನ್ನಾಗಿದೆ,” ಎಂದರು ಮ್ಯಾನೇಜರ್. ಅವರ ಮುಖ ಅರಳಿತ್ತು. “ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?”

ಹಿಂದಿನಿಂದ ಒಂದು ಕೈ ಮೇಲೆದ್ದಿತು. ಎಡಗೈ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸುಕ್ಕುಗಟ್ಟಿದ ಚರ್ಮ. ಎಲ್ಲರೂ ತಿರುಗಿ ನೋಡಿದರು, ಮೇಲ್ವಿಚಾರಕನೂ.

“ಆರಾದ ಮೇಲೆ ಎಂಟು ಬಂತು,” ಎಂದಳು ಅತ್ತಿಗೆ. ಅವಳು ನೋಡುತ್ತಿದ್ದುದು ಮ್ಯಾನೇಜರನ್ನಲ್ಲ, ನಾದಿನಿಯನ್ನು. “ಏಳನೆಯವಳು ಎಲ್ಲಿ ಹೋದ್ಲು? ಅದನ್ನೂ ಓದೇ.”

ಪ್ರೊಫೆಸರಮ್ಮ ಬ್ಯಾಗಿಗೆ ಕೈ ಹಾಕಿದಳು. ಮಡಚಿದ ಪುಟವನ್ನು ಬಿಡಿಸಿ, “ಎಡಗೈಯಲ್ಲಿ ಕೆಲಸ ಮಾಡುವ ಏಳನೆಯವರು...” ಎಂದು ಓದತೊಡಗಿದಳು.