ಕಾವಲಿಯ ಮುಂದೆ ನಿಂತಿದ್ದವನು ನನ್ನ ತಮ್ಮ

ನನ್ನ ತಮ್ಮ ಕಣ್ಣಾರೆ ಕಂಡದ್ದನ್ನು ಪೊಲೀಸರ ಮುಂದೆ ಸುಳ್ಳು ಮಾಡಿದವನು ನಾನು. ನಿಜ ಹೇಳಲು ಎರಡು ಸಲ ಅವಕಾಶ ಸಿಕ್ಕಿತ್ತು. ಎರಡು ಸಲವೂ ಹೇಳಲಿಲ್ಲ.

ಕೊರೋನಾ ಮುಗಿದ ಮರುವರ್ಷ. ಮಲೇಶಿಯಾದ ಪುಚೊಂಗ್‌ನ ಹಳೆಯ ಅಗ್ಗದ ಫ್ಲ್ಯಾಟುಗಳ ಕೆಳಗಿನ ಹೋಟೆಲೊಂದರಲ್ಲಿ ನಾನು ರೊಟ್ಟಿ ಮಾಸ್ಟರ್. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರ ಕಡೆಯಿಂದ ಹೋಟೆಲ್ ಕೆಲಸಕ್ಕೆ ಹೊರಟವನು. ತಮ್ಮ ಗಣೇಶನನ್ನು ಇಲ್ಲಿಗೆ ಕರೆಸಿಕೊಂಡವನೂ ನಾನೇ. ರೊಟ್ಟಿ ಬೇಯಿಸುವ ಕಾವಲಿ ಬೀದಿಗೆ ಮುಖ ಮಾಡಿತ್ತು. ಅಲ್ಲಿ ನಿಂತರೆ ಇಡೀ ಪಾರ್ಕಿಂಗ್ ಕಾಣುತ್ತಿತ್ತು. ಹಿಟ್ಟು ನಾದುವುದು ಗೋಡೆಯ ಹಿಂದೆ. ಯಾರು ಎಲ್ಲಿ ಎಂಬ ಡ್ಯೂಟಿ ಚೀಟಿಯನ್ನು ಹೋಟೆಲ್ ಮಾಲೀಕರು, ನಮ್ಮ ಮುದಲಾಳಿ, ಗೋಡೆಗೆ ಅಂಟಿಸುತ್ತಿದ್ದರು. ಕಾವಲಿಗೆ ನನ್ನ ಹೆಸರಿತ್ತು. ಆ ವಾರ ನನ್ನ ಭುಜ ಹಿಡಿದುಕೊಂಡು ರೊಟ್ಟಿ ಬೀಸಲು ಕೈ ಎತ್ತಲಾಗದ್ದರಿಂದ ಅಣ್ಣತಮ್ಮಂದಿರೇ ಮಾತಾಡಿಕೊಂಡು ಜಾಗ ಬದಲಿಸಿದ್ದೆವು: ಕಾವಲಿಗೆ ಅವನು, ಹಿಟ್ಟಿಗೆ ನಾನು. ಚೀಟಿ ಹಾಗೇ ಇತ್ತು.

ಮೇಲಿನ ಫ್ಲ್ಯಾಟಿನ ತಮಿಳಿನವ ಸೆಲ್ವಂ ಶಾಲಾ ವ್ಯಾನ್ ಓಡಿಸುತ್ತಿದ್ದ. ಮೆಟ್ಟಿಲ ಕೆಳಗೆ ಡ್ರಗ್ಸ್ ಮಾರುವವರನ್ನು ಓಡಿಸಲು ಫ್ಲ್ಯಾಟಿನ ಜನರನ್ನು ಸೇರಿಸಿ ಗಸ್ತು ಶುರುಮಾಡಿದವನು ಅವನೇ. ಅಂದು ಬೆಳಿಗ್ಗೆ ಏಳಕ್ಕೆ ಬಂದು, “ಅಣ್ಣೆ, ಎರಡು ರೊಟ್ಟಿ ತಪಾವ್ ಕಟ್ಟು. ನಿನ್ನೆ ಸಾಂಬಾರಲ್ಲಿ ಮೀನು ಸಾಕಬಹುದಿತ್ತು ಲಾ” ಎಂದು ಗಣೇಶನನ್ನು ಕೆಣಕಿದ್ದು ನನಗೂ ಕೇಳಿಸಿತು. ಪಾರ್ಸೆಲ್ ಪೊಟ್ಟಣ ಹಿಡಿದು ಅವನು ವ್ಯಾನಿನ ಹತ್ತಿರ ಹೋದನೋ ಇಲ್ಲವೋ, ಮೂರು ಗುಂಡಿನ ಸದ್ದು. ನಾನು ಹೊರಗೆ ಬರುವಷ್ಟರಲ್ಲಿ ಗುಂಡು ಹೊಡೆದವರ ಬೈಕು ಹೋಗಿಯಾಗಿತ್ತು. ಸೆಲ್ವಂ ವ್ಯಾನಿನ ಬಾಗಿಲ ಕೆಳಗೆ ಸತ್ತು ಬಿದ್ದಿದ್ದ.

“ಹಿಂದೆ ಕೂತವ ಹೆಲ್ಮೆಟ್ಟಿನ ಗಾಜು ಎತ್ತಿದ್ದ ಅಣ್ಣ. ಮೋರೆ ಸಮಾ ಕಂಡೆ” ಎಂದ ಗಣೇಶ.

ಮುದಲಾಳಿ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಿಬ್ಬರ ಕೆಲಸದ ಪರ್ಮಿಟ್ ರಿನ್ಯೂವಲ್ ಹತ್ತಿರ ಬಂತು, ಕೇಸಿಗೆ ಸಿಕ್ಕಿಕೊಂಡರೆ ಆಗುವುದಿಲ್ಲ. ಚೀಟಿಯಲ್ಲಿ ಇದ್ದ ಹಾಗೆ ಹೇಳಿಬಿಡು” ಎಂದರು.

ಪೊಲೀಸರು ಬಂದಾಗ ಗಣೇಶ ಕಂಡದ್ದನ್ನು ಹೇಳಿದ. ನಾನು, ಕಾವಲಿಯ ಮುಂದೆ ನಾನಿದ್ದೆ, ತಲೆ ತಗ್ಗಿಸಿದ್ದೆ, ಯಾರನ್ನೂ ಕಾಣಲಿಲ್ಲ, ತಮ್ಮ ಒಳಗೆ ಹಿಟ್ಟು ನಾದುತ್ತಿದ್ದ ಎಂದೆ. ಪೊಲೀಸರು ಚೀಟಿಯ ಫೋಟೊ ತೆಗೆದುಕೊಂಡರು. ಬೆಳಗಿನ ಗಿರಾಕಿಗಳಿಗೆ ನಿಜ ಗೊತ್ತಿತ್ತು. ಅವರೂ ಬಾಯಿ ಬಿಡಲಿಲ್ಲ. ಗಣೇಶ ಗುರುತಿಸಿದವನನ್ನು ಕೆಲವು ದಿನ ಇಟ್ಟುಕೊಂಡು ಬಿಟ್ಟುಬಿಟ್ಟರು. ಅಧಿಕಾರಿ ನನ್ನನ್ನು ಮತ್ತೆ ಕರೆಸಿ, ಇಬ್ಬರಲ್ಲಿ ಯಾರ ಮಾತು ಸುಳ್ಳು ಎಂದು ಕೇಳಿದರು. “ಅವನು ಹೆದರಿದ್ದಾನೆ, ಏನೋ ಹೇಳ್ತಿದ್ದಾನೆ” ಎಂದೆ.

ತಮ್ಮನ ಜೀವ ಉಳಿಸಲು ಹಾಗೆ ಹೇಳಿದೆ ಎಂದುಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧ ನನ್ನ ಕೆಲಸದ ಭಯ.

ಗಸ್ತು ನಿಂತುಹೋಯಿತು. ಮೆಟ್ಟಿಲ ಕೆಳಗೆ ವ್ಯಾಪಾರ ಮತ್ತೆ ಶುರುವಾಯಿತು. ಆ ಬೆಳಿಗ್ಗೆ ಇಲ್ಲದ ಗಿರಾಕಿಗಳು ಗಣೇಶನಿಗೆ, “ಏನಣ್ಣೆ, ಗೋಡೆ ಆಚೆಗೂ ಕಾಣೋ ಕಣ್ಣಾ ನಿಂದು? ನಾಳೆಯ ಲಾಟರಿ ನಂಬರ್ ನೋಡಿ ಹೇಳು” ಎನ್ನುತ್ತಿದ್ದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನಮ್ಮಿಬ್ಬರ ನಡುವೆ ನಾಲ್ಕು ತಿಂಗಳು ಮಾತಿರಲಿಲ್ಲ.

ಕೊನೆಗೆ ಸೆಲ್ವಂನ ಹೆಂಡತಿ ಲಕ್ಷ್ಮಿ ಅಕ್ಕ ಒಂದು ಭಾನುವಾರ ಫ್ಲ್ಯಾಟಿನ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿದರು. “ಒಬ್ಬ ಹೋಗಿ ಹೇಳಿದರೆ ಅವರು ಒಬ್ಬನನ್ನು ಗುರುತಿಟ್ಟುಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಸ್ಟೇಷನ್ನಿಗೆ ಹೋಗೋಣ. ಯಾರು ಏನು ಕಂಡಿರಿ, ಮೊದಲು ಇಲ್ಲಿ ಹೇಳಿ” ಎಂದರು. ನಾಲ್ಕನೇ ಮಹಡಿಯ ಮಲಾಯ್ ಅಜ್ಜಿಯೊಬ್ಬರು ಎದ್ದು, ಬಾಲ್ಕನಿಯಿಂದ ಬೈಕು ಕಂಡಿದ್ದೆ, ಬರುತ್ತೇನೆ ಎಂದರು. ಆಮೇಲೆ ಯಾರೂ ಏಳಲಿಲ್ಲ.

ಹೋಟೆಲಿನಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬ ಅವನ ಜಾಗಕ್ಕೆ ನಿಲ್ಲುತ್ತಾನೆ, ಕೆಲಸ ನಡೆಯುತ್ತದೆ. ಸಾಕ್ಷಿ ಹಾಗಲ್ಲ. ಕಂಡವನ ಜಾಗದಲ್ಲಿ ಬೇರೆಯವನು ನಿಂತರೆ ಕಂಡದ್ದೇ ಇಲ್ಲವಾಗುತ್ತದೆ. ಇದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ನಾನು ಎದ್ದು ನಿಂತು, ಬರುವಷ್ಟು ತಮಿಳಿನಲ್ಲಿ ಚೀಟಿಯ ವಿಷಯ, ಜಾಗ ಬದಲಿಸಿದ ವಿಷಯ ಎಲ್ಲ ಹೇಳಿದೆ. ಲಕ್ಷ್ಮಿ ಅಕ್ಕನ ಮುಖ ನೋಡಲಾಗಲಿಲ್ಲ. ಗಣೇಶ ಬಾಗಿಲ ಬಳಿ ನಿಂತಿದ್ದ. ಅವನ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ಹೇಳಿದೆ:

“ಗಣೇಶ, ಕಂಡವ ನೀನು. ಸುಳ್ಳು ಹೇಳಿದವ ನಾನು. ನನ್ನಿಂದ ತಪ್ಪಾಯ್ತು ಮಾರಾಯ.”