ಕಥೆಯಲ್ಲಿಲ್ಲದ ನಾಯಿ

ನನ್ನ ನಾದಿನಿಯ ಬಾಯಿಂದ ಒಂದು ಮೆಚ್ಚುಗೆಯ ಮಾತು ಹೊರಡಿಸುವುದು ದೇವರಿಂದಲೂ ಆಗದ ಕೆಲಸ. ನಾನು ಬಟ್ಟೆ ಹೊಲಿಯುವವಳು. ಬೆನ್ನು ಬಗ್ಗಿಸಿ ಹೊಲಿದ ಅಂಗಿಯನ್ನು ಅವಳಿಗೆ ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, "ಹೇಗಿದೆಯೇ?" ಅಂದರೆ, "ಆಯ್ತು ಅತ್ತಿಗೆ, ಮುಂದಿನದು" ಅನ್ನುತ್ತಾಳೆ. ಮುಂದಿನದಂತೆ! ನನಗೇನು ಇಲ್ಲಿ ಪರೀಕ್ಷೆ ನಡೆಯುತ್ತಿದೆಯೇ?

ತಪ್ಪು ಅವಳದಲ್ಲ, ಅವಳ ಕೆಲಸದ್ದು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವ ವಿಭಾಗವೊಂದಿದೆ. ಅದರ ಕಾರಿಡಾರಿನ ಕೊನೆಯ ಕೋಣೆ ಇವಳದು. ಒಂದು ಗಿಡ್ಡ ಮೇಜು, ಎದುರುಬದುರು ಎರಡು ಕುರ್ಚಿ, ಬೀಗ ಹಾಕಿದ ಒಂದು ಬೀರು. ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ, ಮಕ್ಕಳ ಗಮನ ಅತ್ತ ಹೋಗುತ್ತದೆಂದು. ಸೈಕಲ್ಲಿನಿಂದ ಬಿದ್ದವರು, ಜೋಕಾಲಿಯಿಂದ ಜಾರಿದವರು, ಆಟದಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡವರು ಅಲ್ಲಿಗೆ ಬರುತ್ತಾರೆ. ಇವರ ಪೆಟ್ಟು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಡಾಕ್ಟರು ಏನೂ ಆಗಿಲ್ಲ ಎಂದು ಮನೆಗೆ ಕಳಿಸುತ್ತಾರೆ. ಹೆಚ್ಚಿನ ಮಕ್ಕಳು ಬೇಗನೆ ಮೊದಲಿನಂತಾಗುತ್ತಾರೆ, ಕೆಲವರು ಆಗುವುದಿಲ್ಲ. ಯಾರು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು ಹುಡುಕುವುದೇ ಇವರ ಸಂಶೋಧನೆ.

ನಾದಿನಿ ಒಂದು ಪುಟ್ಟ ಕಥೆ ಓದುತ್ತಾಳೆ, ಮಗು ಅದನ್ನು ತಿರುಗಿ ಹೇಳಬೇಕು. ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕು, ಮರದ ತುಂಡು ಜೋಡಿಸಬೇಕು. ಇವಳು ಗಡಿಯಾರ ಹಿಡಿದು ಕೂತಿರುತ್ತಾಳೆ. ಅದಕ್ಕೇ ಮಕ್ಕಳ ಬಾಯಲ್ಲಿ ಇವಳು 'ಗಡಿಯಾರದತ್ತೆ'. ಎಲ್ಲ ಮಕ್ಕಳಿಗೂ ಅದೇ ಮಾತು, ಅದೇ ವೇಗ. ಉತ್ತರ ಸರಿಯಾದರೆ ನಗುವಂತಿಲ್ಲ, ತಪ್ಪಾದರೆ ಹುಬ್ಬು ಏರಿಸುವಂತಿಲ್ಲ. "ಆಯ್ತು, ಮುಂದಿನದು" ಅನ್ನಬಹುದು, ಅಷ್ಟೇ. ವರ್ಷಗಟ್ಟಲೆ ಹೀಗೆ ಅಂದೂ ಅಂದೂ ಅದೇ ಅವಳ ನಾಲಗೆಗೆ ಅಂಟಿಕೊಂಡಿತು. ಮದುವೆಗೆ ಕೇಳಿಕೊಂಡು ಬಂದವರಿಗೂ ಅದನ್ನೇ ಹೇಳಿ ಅಟ್ಟಿದಳು ಎಂದು ನಾನು ಗೇಲಿ ಮಾಡುವುದುಂಟು.

ತಲೆಯ ಪೆಟ್ಟಿನವರ ಜೊತೆ ಕೈ ಮುರಿದುಕೊಂಡ ಮಕ್ಕಳನ್ನೂ ಕರೆದು ಇವರು ಪರೀಕ್ಷೆ ಮಾಡುತ್ತಾರೆ. "ಪಾಪ, ಅವರನ್ನೂ ಬಿಡೋದಿಲ್ಲವಲ್ಲೇ ನೀವು!" ಎಂದು ಒಮ್ಮೆ ಬೈದಿದ್ದೆ.

"ನೋವು, ಗಾಬರಿ, ಶಾಲೆ ತಪ್ಪಿದ್ದು ಇಬ್ಬರಿಗೂ ಒಂದೇ ಅಲ್ವಾ ಅತ್ತಿಗೆ? ಅವರನ್ನ ಪಕ್ಕಕ್ಕಿಟ್ಟು ನೋಡಿದ್ರೆ ತಲೆಯ ಪೆಟ್ಟು ಏನು ಮಾಡಿದೆ ಅಂತ ಗೊತ್ತಾಗುತ್ತೆ" ಅಂದಳು. ಆ ಮಾತು ನನಗೆ ಹಿಡಿಸಿತ್ತು.

ಇಂಥವಳು ನಮ್ಮ ಮನೆಯಲ್ಲೇ ಇರುವುದು, ನನ್ನ ಮಗಳ ಕೋಣೆಯಲ್ಲಿ. ಸೋದರತ್ತೆ, ಸೋದರಸೊಸೆ ಇಬ್ಬರದೂ ಒಂದೇ ಜೀವ. ನನಗೆ ಹೇಳದ ಗುಟ್ಟೆಲ್ಲ ಅಲ್ಲಿ ಪಿಸಪಿಸ ನಡೆಯುತ್ತಿತ್ತು. ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹದಿನಾಲ್ಕರ ಆ ಮಗಳು ಶಾಲೆಯಲ್ಲಿ ವಾಲಿಬಾಲ್ ಆಡುವಾಗ ಹಾರಿದವಳು ನೆಟ್ಟಿನ ಕಂಬಕ್ಕೆ ತಲೆ ಬಡಿದುಕೊಂಡಳು. ಸ್ವಲ್ಪ ಹೊತ್ತು ಮಂಕು ಕವಿದಂತೆ ಕೂತಳಂತೆ, ಒಮ್ಮೆ ವಾಂತಿ ಮಾಡಿದಳಂತೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ನಾವು ನಿಟ್ಟುಸಿರು ಬಿಟ್ಟೆವು. ಆಮೇಲೆ ಶುರುವಾಯಿತು. ಬೆಳಕು ಕಂಡರೆ ಆಗದು, ಮಧ್ಯಾಹ್ನವಾದರೆ ತಲೆಸಿಡಿತ. ಓದಿದ ಪುಟವನ್ನೇ ಮತ್ತೆ ಮತ್ತೆ ಓದುವುದು, ಕೊನೆಗೆ ಪುಸ್ತಕ ಎಸೆದು ಅಳುವುದು. ಓದು ಅಂತ ಒಂದು ದಿನವೂ ಹೇಳಿಸಿಕೊಳ್ಳದ ಹುಡುಗಿ ಅದು.

"ಎಲ್ಲಾ ಸೋಮಾರಿತನ, ಮುದ್ದು ಜಾಸ್ತಿ ಆಗಿದೆ" ಅಂದರು ನನ್ನ ಗಂಡ. ಶಾಲೆಯ ಹೆಡ್‌ಮೇಡಂ, ಪೆಟ್ಟಿನಿಂದಲೇ ಹೀಗಾಗಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ಪಾಠ ಕಡಿಮೆ ಮಾಡುತ್ತೇವೆ, ಪರೀಕ್ಷೆಗೆ ಹೆಚ್ಚು ಹೊತ್ತು ಕೊಡುತ್ತೇವೆ, ಇಲ್ಲದಿದ್ದರೆ ಈ ವರ್ಷ ಅದೇ ತರಗತಿಯಲ್ಲಿ ಉಳಿಯಬೇಕಾಗುತ್ತದೆ ಅಂದರು.

ಹಾಗಾಗಿ ಮಗಳೂ ಆ ಕೋಣೆಗೆ ಹೋದಳು. ಸ್ವಂತದವರನ್ನು ತಾನು ಪರೀಕ್ಷಿಸುವಂತಿಲ್ಲ ಎಂದು ನಾದಿನಿ ಹೊರಗೆ ಉಳಿದಳು. ಜೊತೆಯಲ್ಲಿ ಕೆಲಸ ಮಾಡುವ ಕನ್ನಡಕದ ಹುಡುಗಿ ಪರೀಕ್ಷೆ ಮಾಡಿದಳು. ಫಲಿತಾಂಶ ಬಂತು. ನೆನಪಿನ ಶಕ್ತಿ ವಯಸ್ಸಿಗೆ ಮೀರಿ ಚೆನ್ನಾಗಿದೆ!

ಗಂಡ ಆ ಕಾಗದ ಮೇಜಿನ ಮೇಲೆ ಬಡಿದರು. "ನಾಟಕ ಸಾಕು ಇನ್ನು." ಶಾಲೆಯಲ್ಲೂ ಅದೇ ಮಾತು. ಮಗಳು ತನ್ನ ಅತ್ತೆಯನ್ನೇ ನೋಡಿದಳು.

"ಅಂಕ ಸರಿಯಾಗೇ ಇದೆ ಪುಟ್ಟಿ. ಹೆದರ್ಕೊಂಡಿದ್ದೀಯ ಅಷ್ಟೇ, ನಿಧಾನಕ್ಕೆ ಸರಿಹೋಗುತ್ತೆ" ಅಂದಳು ನಾದಿನಿ. ಅವತ್ತಿನಿಂದ ಮಗಳು ಅವಳ ಜೊತೆ ಮಾತು ಬಿಟ್ಟಳು. ಹಾಸಿಗೆ ಎತ್ತಿಕೊಂಡು ನನ್ನ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂದು ಮಲಗತೊಡಗಿದಳು.

ನನ್ನ ಕೋಪ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ಮಗುವಿನ ಮುಖ ನೋಡ್ತೀಯೋ, ಕಾಗದ ನೋಡ್ತೀಯೋ? ಎದುರಿಗೇ ಬಾಡಿಹೋಗ್ತಿದೆ, ಕಣ್ಣಿಗೇನಾಗಿದೆಯೇ ನಿಂಗೆ?" ಎಂದು ಬೆವರಿಳಿಸಿದೆ. ಅವಳ ಜೀವಮಾನವೆಲ್ಲ ಆ ಅಂಕಗಳನ್ನು ನಂಬಿದ ಬದುಕು. ಈಗ ಅದನ್ನು ಬಿಡುವುದೂ ಆಗದು, ಮಗುವನ್ನು ಬಿಡುವುದೂ ಆಗದು.

ಒಂದು ಮಧ್ಯಾಹ್ನ ನಾದಿನಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು, ನಾನು ಕತ್ತರಿಸಲು ಇಟ್ಟಿದ್ದ ಬಟ್ಟೆಯ ರಾಶಿಯ ಮೇಲೇ ಕುಸಿದು ಕೂತಳು.

"ಅತ್ತಿಗೆ, ಚಹಾ ಕುಡಿಯುವಾಗ ಆ ಕನ್ನಡಕದ ಹುಡುಗಿ ನಮ್ಮ ಪುಟ್ಟಿಯನ್ನ ಹೊಗಳಿದ್ಲು. ಕಥೆ ಪೂರ್ತಿ ಒಪ್ಪಿಸಿದ್ಲಂತೆ. 'ಕಥೇಲಿಲ್ಲದ ಒಂದು ನಾಯೀನೂ ಸೇರಿಸಿಬಿಟ್ಲು, ಮೂರು ಕಾಲಿನ ನಾಯಿ, ಎಲ್ಲಿಂದ ಬಂತೋ' ಅಂತ ನಕ್ಕಳು."

"ಅದಕ್ಕೇನೀಗ?"

"ಆ ನಾಯೀನ ಸೇರಿಸಿದ್ದು ನಾನು."

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕಥೆಯನ್ನು ತಡವರಿಸದೆ ಒಂದೇ ವೇಗದಲ್ಲಿ ಓದಲು ಕಲಿಯಬೇಕಿತ್ತು. ಮನೆಯಲ್ಲಿ ಕೇಳಲು ಸಿಕ್ಕವಳು ಆಗಿನ್ನೂ ಪುಟಾಣಿಯಾಗಿದ್ದ ನನ್ನ ಮಗಳು. ಬ್ರೆಡ್ಡು ಮಾರುವವನೊಬ್ಬ ದೋಣಿಯಲ್ಲಿ ಕೊಡೆ ಮರೆತ ಸಪ್ಪೆ ಕಥೆ ಅದು. ಮಲಗುವಾಗ ದಿನಾ ಅದೇ ಬೇಕೆಂದು ಮಗು ಹಟ ಹಿಡಿಯುತ್ತಿತ್ತು. ಇದರಲ್ಲೊಂದು ನಾಯಿ ಇರಲಿ, ಮೂರೇ ಕಾಲಿರಲಿ ಅಂತ ಕೇಳಿದ್ದಕ್ಕೆ ಇವಳು ಸೇರಿಸಿದಳು. ಮರದ ತುಂಡುಗಳು ಆಟದ ಸಾಮಾನಾದವು. ಹಿಂದುಮುಂದು ಅಂಕಿ ಸ್ನಾನದ ಹೊತ್ತಿನ ಆಟವಾಯಿತು. ಕೆಲಸ ಕೈಗೆ ಹತ್ತಿದ ಮೇಲೆ ಅದೆಲ್ಲ ಇವಳ ಮನಸ್ಸಿನಿಂದಲೇ ಹೋಯಿತು.

"ಪೆಟ್ಟು ಬಿದ್ದ ಮೇಲೂ ಹಳೇದು ಅಳಿಸೋದಿಲ್ಲ ಅತ್ತಿಗೆ. ಹೊಸದು ನಿಲ್ಲೋದಿಲ್ಲ. ಅವಳು ಪರೀಕ್ಷೆ ಕೊಟ್ಟಿಲ್ಲ, ಬಾಯಿಪಾಠ ಒಪ್ಪಿಸಿದ್ದಾಳೆ. ನಾನು ಆ ಅಂಕ ಹಿಡ್ಕೊಂಡು ನಿಂಗೇನೂ ಆಗಿಲ್ಲ ಅಂದುಬಿಟ್ಟೆ."

ನನಗೆ ಉರಿದುಹೋಯಿತು. ಆದರೆ ಅವಳ ಮುಖ ನೋಡಿದರೆ ಬಯ್ಯಲು ಬಾಯಿ ಬರಲಿಲ್ಲ. ಬೀರುವಿನ ಸಾಮಾನನ್ನು, ಆ ಕಥೆಯನ್ನು ಕೋಣೆಯಿಂದ ಆಚೆ ತರುವಂತಿಲ್ಲ ಎಂಬುದು ಅಲ್ಲಿನ ಮೊದಲ ನಿಯಮ. ಹೇಳಿದರೆ ಕೆಲಸಕ್ಕೆ ಕುತ್ತು. "ಏನಾದ್ರೂ ನೆಪ ಹೇಳಿ ಬೇರೆ ಪರೀಕ್ಷೆ ಮಾಡಿಸೇ, ನಿಜ ಯಾಕೆ ಹೇಳ್ತೀಯ?" ಅಂದೆ.

"ಆ ಅಂಕ ಅಲ್ಲೇ ಉಳಿದ್ರೆ ಸಂಶೋಧನೆಯ ಲೆಕ್ಕವೇ ಕೆಡುತ್ತೆ. ನಾಳೆ ತಲೆನೋವು ಅಂತ ಅಳೋ ಇನ್ಯಾರದೋ ಮಗುಗೂ ನಾಟಕ ಅಂತಾರೆ ಅತ್ತಿಗೆ."

ಮರುದಿನ ಸಂಶೋಧನೆಯ ಮುಖ್ಯಸ್ಥೆ ದೊಡ್ಡ ಮೇಡಂ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಕೂಗಾಡಲಿಲ್ಲ. ಬೀರುವಿನ ಬೀಗದ ಕೈ, ಗಡಿಯಾರ ಎರಡನ್ನೂ ಇಸಿದುಕೊಂಡರು. ವಿಚಾರಣೆ ಮುಗಿಯುವವರೆಗೆ ಮಕ್ಕಳ ಕೋಣೆಗೆ ಕಾಲಿಡಬೇಡ ಅಂದರು. ನನ್ನ ಮಗಳ ಅಂಕಗಳನ್ನು ಸಂಶೋಧನೆಯಿಂದ ತೆಗೆದುಹಾಕಿ, ಅವಳು ಎಂದೂ ಕೇಳದ ಹೊಸ ಕಥೆ, ಹೊಸ ಪ್ರಶ್ನೆಗಳಿಂದ ತಾವೇ ಪರೀಕ್ಷೆ ಮಾಡಿದರು.

ಮುಗಿದ ಮೇಲೆ ನನ್ನನ್ನೂ ನನ್ನ ಗಂಡನನ್ನೂ ಒಳಗೆ ಕರೆದರು. ಹೊಸ ಕಥೆಯ ಮೊದಲೆರಡು ಮಾತು ಮಾತ್ರ ಅವಳಲ್ಲಿ ನಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಅದೂ ಇಲ್ಲ. ಬೇಗ ದಣಿಯುತ್ತಾಳೆ, ದಣಿದಷ್ಟೂ ತಪ್ಪು. "ಈ ವಯಸ್ಸಲ್ಲಿ ಸಾಮಾನ್ಯವಾಗಿ ಸುಧಾರಿಸುತ್ತೆ. ಆದ್ರೆ ಈಗ ಒತ್ತಡ ಹಾಕಬಾರದು, ಮಧ್ಯೆ ಮಧ್ಯೆ ವಿಶ್ರಾಂತಿ ಬೇಕು. ಶಾಲೆಗೆ ನಾನೇ ಬರೆದುಕೊಡ್ತೀನಿ" ಅಂದರು.

"ಹಾಗಾದ್ರೆ ನಾನು ನಾಟಕ ಮಾಡ್ತಿರ್ಲಿಲ್ಲ, ಅಲ್ವಾ ಮೇಡಂ?" ಅಂದಳು ಮಗಳು.

"ಇಲ್ಲಮ್ಮ."

ಅವಳ ಮುಖ ಅರಳಿತು. ಕಡಿಮೆ ಅಂಕ ಬಂದದ್ದಕ್ಕೆ ಅಷ್ಟು ಸಂತೋಷಪಟ್ಟ ಮಗುವನ್ನು ನಾನು ನೋಡಿಲ್ಲ. ನನ್ನ ಗಂಡ ನೆಲ ನೋಡುತ್ತ, "ತಪ್ಪಾಯ್ತು ಕಣಮ್ಮ" ಅಂದರು.

ನಾದಿನಿ ಹೊರಗೆ ಕಾರಿಡಾರಿನ ಬೆಂಚಿನಲ್ಲಿ, ಮಕ್ಕಳನ್ನು ಕರೆತಂದ ತಾಯಂದಿರ ನಡುವೆ ಕೂತಿದ್ದಳು. ಮಗಳು ಹೋಗಿ ಪಕ್ಕದಲ್ಲಿ ಕೂತಳು.

"ಅವತ್ತು ಮೊದಲನೇ ಪರೀಕ್ಷೇಲಿ ಕಥೆ ಶುರುವಾದ ಕೂಡ್ಲೇ ಗೊತ್ತಾಗಿರಬೇಕಲ್ವಾ ಪುಟ್ಟಿ, ಇದು ನಮ್ಮ ಕಥೆ ಅಂತ? ನಾನು ಮರೆತೆ. ನೀನಾದ್ರೂ ಹೇಳಬಾರದಿತ್ತಾ?"

"ಗೊತ್ತಾಯ್ತು. ಬರೋ ಕಥೇನ ಬರೋದಿಲ್ಲ ಅಂದಿದ್ರೆ ನಿಜವಾಗ್ಲೂ ನಾಟಕ ಆಗ್ತಿತ್ತು."

"ಆಮೇಲೆ ಮನೇಲಿ ಅಷ್ಟೆಲ್ಲ ಬೈಸಿಕೊಂಡ್ಯಲ್ಲ, ಆಗಲಾದ್ರೂ?"

"ಚಿಕ್ಕೋಳಿದ್ದಾಗ ನೀನೇ ಹೇಳಿದ್ದೆ ಅತ್ತೆ. ಈ ಕಥೆ ನಂಗೆ ಬರುತ್ತೆ ಅಂತ ಯಾರಿಗಾದ್ರೂ ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ ಅಂತ."

ನಾದಿನಿ ಅವಳ ತಲೆಯನ್ನು ಮೆಲ್ಲಗೆ ಎದೆಗೊತ್ತಿಕೊಂಡು, ಬೆಂಚಿನ ತಾಯಂದಿರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟಳು.